ಬಾಯಲ್ಲಿ ಕರುಳು

ಸಡಿಲವಾದ ಗಂಟನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು ಹುಟ್ಟುಗುಣ. ನಮ್ಮ ಹಟ್ಟಿಯಲ್ಲಿ ಯಾರಾದರೂ ಎಮ್ಮೆಯನ್ನು ಗೂಟಕ್ಕೆ ಅರೆಬರೆ ಕಟ್ಟಿ ಹೋದರೆ ನಾನು ಹಿಂದಿನಿಂದ ಹೋಗಿ ಬಿಚ್ಚಿ, ಸರಿಯಾಗಿ ಕಟ್ಟಿ ಬರುತ್ತಿದ್ದೆ. ಹಾಗೆ ಬಿಚ್ಚುವುದಕ್ಕೂ ಕಟ್ಟುವುದಕ್ಕೂ ನಡುವೆ ಎಮ್ಮೆ ತಪ್ಪಿಸಿಕೊಂಡು ಪಕ್ಕದವರ ಸಾಮೆ ಹೊಲಕ್ಕೆ ನುಗ್ಗಿದ್ದುಂಟು. ಅದು ಎಮ್ಮೆಯ ತಪ್ಪು, ನನ್ನದಲ್ಲ. ಬೇರೆಯವರ ಮೂಟೆ, ಬೇರೆಯವರ ಹುಲ್ಲಿನ ಹೊರೆ, ಒಮ್ಮೆ ಊಟಿ ಸಂತೆಯಲ್ಲಿ ಗುರುತೇ ಇಲ್ಲದ ಒಬ್ಬ ಮುದುಕನ ರುಮಾಲು, ಎಲ್ಲಕ್ಕೂ ನಾನು ಕೈಹಾಕಿದವನೇ. ಈ ಗುಣದಿಂದಲೇ ನನಗೆ ಕೆಲಸ ಸಿಕ್ಕಿತು. ಇದೇ ಗುಣದಿಂದ ಹೆಂಡತಿ ಕೈತಪ್ಪಿ ಹೋಗುವುದರಲ್ಲಿದ್ದಳು.

ಕೆಲಸ ಸಿಕ್ಕಿದ ಬಗೆ ಹೀಗೆ. ಒಂದು ದಿನ ಊಟಿಯ ಬಂಗಲೆಯೊಂದಕ್ಕೆ ಉರುಳಗಡ್ಡೆ ಮೂಟೆ ಇಳಿಸಿ ಕೆರೆಯ ದಂಡೆ ಹಿಡಿದು ವಾಪಸು ಬರುತ್ತಿದ್ದೆ. ದಂಡೆಯಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಒಬ್ಬ ಕೆಂಪು ಮೂಗಿನ ದೊರೆ ಗಾಳ ಹಾಕಿ ಕೂತಿದ್ದ. ನಾನು ನೋಡುತ್ತಿದ್ದ ಹಾಗೆಯೇ ಕೋಲು ಬಾಗಿತು, ದೊರೆ ಎದ್ದು ಕುಣಿದ, ಮರುಕ್ಷಣ ಕೋಲು ನೆಟ್ಟಗಾಯಿತು. ಮೀನು ಹೋಗಿತ್ತು, ಕೊಕ್ಕೆಯೂ ಹೋಗಿತ್ತು. ದೊರೆ ತನ್ನ ಭಾಷೆಯಲ್ಲಿ ಮೀನಿನ ವಂಶವನ್ನೆಲ್ಲ ಬೈದ. ನಾನು ನೋಡಿದ್ದು ಮೀನನ್ನಲ್ಲ, ನೂಲಿನ ತುದಿಯನ್ನು. ನೂಲು ಹರಿದಿದ್ದರೆ ತುದಿ ನೆಟ್ಟಗಿರುತ್ತದೆ. ಇದರ ತುದಿ ಹಂದಿಬಾಲದ ಹಾಗೆ ಸುರುಳಿಯಾಗಿತ್ತು. ಎಂದರೆ ಗಂಟು ಜಾರಿತ್ತು. ನನಗೆ ತಡೆಯಲಾಗಲಿಲ್ಲ. ಸೀದಾ ಹೋಗಿ ದೊರೆಯ ಕೈಯಿಂದ ನೂಲು ಕಿತ್ತುಕೊಂಡು, "ಇದೂ ಒಂದು ಗಂಟಾ? ಇದರೊಳಗ ಕೋಳಿಯೂ ನಿಲ್ಲದು!" ಎಂದು ನಮ್ಮ ಬಡಗ ಮಾತಿನಲ್ಲೇ ಗದರಿಸಿ, ಪೆಟ್ಟಿಗೆಯಲ್ಲಿದ್ದ ಇನ್ನೊಂದು ಕೊಕ್ಕೆ ತೆಗೆದು ಕಟ್ಟಿಕೊಟ್ಟೆ. ದೊರೆಗೆ ನನ್ನ ಮಾತು ತಿಳಿಯಲಿಲ್ಲ, ಗಂಟು ತಿಳಿಯಿತು. ಕೊಕ್ಕೆಯನ್ನು ಬೇಲಿಗೆ ಸಿಕ್ಕಿಸಿ ನೂಲು ಹಿಡಿದು ಜಗ್ಗಿದ. ಬೇಲಿ ಬಂತು, ಗಂಟು ಬರಲಿಲ್ಲ. ಮಾರನೆಯ ದಿನದಿಂದ ನಾನು ಅವನ ಗಾಳ ಕಟ್ಟುವ ಆಳು.

ಆ ಕೆರೆಯಲ್ಲಿ ಇದ್ದದ್ದು ಕಾರ್ಪು ಎಂಬ ಮೀನು. ಯಾವ ಕಾಲದಲ್ಲೋ ಸೀಮೆಯಿಂದ ತಂದು ಬಿಟ್ಟದ್ದಂತೆ. ನಮ್ಮ ಹೊಳೆ ಮೀನು ಹಸಿದರೆ ತಿನ್ನುತ್ತದೆ, ಹೆದರಿದರೆ ಓಡುತ್ತದೆ. ಕಾರ್ಪು ಹಾಗಲ್ಲ, ಅದು ಯೋಚನೆ ಮಾಡುತ್ತದೆ. ಕೊಕ್ಕೆಗೆ ಸಿಕ್ಕಿಸಿದ ಬೆಂದ ಉರುಳಗಡ್ಡೆಯ ಹತ್ತಿರ ಬಂದು ಮೂಸುತ್ತದೆ, ಬಾಯಿಗೆ ಎಳೆದುಕೊಂಡು ಉಗುಳುತ್ತದೆ, ಒಂದು ಸುತ್ತು ಹಾಕಿ ಬಂದು ಮತ್ತೆ ಮೂಸುತ್ತದೆ. ಹೆಣ್ಣು ನೋಡಲು ಬಂದ ಸೋದರತ್ತೆಯೂ ಅಷ್ಟು ಕೊಂಕು ತೆಗೆಯಲಾರಳು. ಬೆಳಗ್ಗೆ ಇಳಿಬಿಟ್ಟ ಗಾಳ ಮಧ್ಯಾಹ್ನ ಕಳೆದು ಬಿಸಿಲು ಇಳಿಯುವವರೆಗೂ ಕೆಸರಿನಲ್ಲಿ ಬಿದ್ದಿರಬೇಕು. ಅಷ್ಟು ಹೊತ್ತು ನೀರಿನಲ್ಲಿ ನೆನೆದ ಮೇಲೂ ಗಂಟು ಉಬ್ಬಬಾರದು, ಜಾರಬಾರದು, ಮೀನು ಮನಸ್ಸು ಮಾಡಿದ ಆ ಒಂದು ಗಳಿಗೆಯಲ್ಲಿ ಕೈಕೊಡಬಾರದು.

ಅದಕ್ಕೆ ನಾನು ಕಟ್ಟುತ್ತಿದ್ದ ಕ್ರಮ ಇದು. ಮೇಲೆ ರೇಷ್ಮೆ ನೂಲು. ಅದರಲ್ಲಿ ತೇಲುವುದಕ್ಕೆ ಮುಳ್ಳುಹಂದಿಯ ಒಂದು ಮುಳ್ಳು, ಮೀನು ಮುಟ್ಟಿದರೆ ಅದು ತಲೆ ಆಡಿಸುತ್ತದೆ. ಕೆಳಗೆ ತೂತಿರುವ ಸೀಸದ ಗುಂಡು. ನೂಲು ಅದರೊಳಗೆ ಸಲೀಸಾಗಿ ಓಡಬೇಕು, ಇಲ್ಲದಿದ್ದರೆ ಕಾರ್ಪಿಗೆ ಭಾರ ಗೊತ್ತಾಗಿ ಉಗುಳಿಬಿಡುತ್ತದೆ. ಗುಂಡಿನ ಕೆಳಗೆ ಒಂದು ಮೊಳ ಬೇರೆ ಜಾತಿಯ ನೂಲು, ನೀರಿನಲ್ಲಿ ಕಣ್ಣಿಗೇ ಕಾಣದಂಥದು. ಅದರ ತುದಿಗೆ ಕೊಕ್ಕೆ. ಆ ಕೊಕ್ಕೆಗಳಿಗೆ ತೂತು ಇರುತ್ತಿರಲಿಲ್ಲ. ಕಾಲನ್ನು ನೂಲಿನ ಜೊತೆ ಸೇರಿಸಿ ಮೇಣ ಹಚ್ಚಿದ ಎಳೆಯಿಂದ ಒತ್ತೊತ್ತಾಗಿ ಸುತ್ತಬೇಕು. ಮೇಣವನ್ನು ಮಸಿನಗುಡಿ ಕಾಡಿನವರು ಜೇನಿನ ಜೊತೆ ತಂದುಕೊಡುತ್ತಿದ್ದರು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದರೆ ನಾನು ಪೂರ್ತಿ ಬಿಚ್ಚಿ ಮೊದಲಿನಿಂದ ಸುತ್ತುತ್ತಿದ್ದೆ. ದೊರೆ ಸಾಕು ಸಾಕು ಎಂದರೂ ಬಿಡುತ್ತಿರಲಿಲ್ಲ.

ತೊಂದರೆ ಇದ್ದದ್ದು ಆ ಕಣ್ಣಿಗೆ ಕಾಣದ ನೂಲಿನಲ್ಲಿ. ಒಣಗಿದ್ದಾಗ ಅದು ಒಣಕಡ್ಡಿ. ಬಾಗಿಸಿದರೆ ಪಟ್ಟೆಂದು ಮುರಿಯುತ್ತದೆ. ಚೆನ್ನಾಗಿ ನೆನೆದು ಮೆತ್ತಗಾದ ಮೇಲೆಯೇ ಗಂಟು ಹಾಕಬೇಕು. ಬಟ್ಟಲಿನ ನೀರು ನಮ್ಮ ಚಳಿಗೆ ಹಿಮವಾಗಿರುತ್ತದೆ, ನೂಲು ಬೇಗ ನೆನೆಯುವುದಿಲ್ಲ. ಮೊದಲ ದಿನವೇ ದೊರೆ ತನ್ನ ಮುರುಕು ತಮಿಳಿನಲ್ಲಿ, "ವಾಯ್‌ಲೆ ಪೋಡು!" ಎಂದ. ಬಾಯಿಗೆ ಹಾಕು ಎಂದು. ತಾನೂ ಒಂದೆಳೆ ದವಡೆಗೆ ಸೇರಿಸಿಕೊಂಡು ತೋರಿಸಿದ. ನಾನೂ ಹಾಕಿಕೊಂಡೆ. ಗಂಟು ಬಿಗಿಯುವ ಮುಂಚೆ ಇನ್ನೊಮ್ಮೆ ನಾಲಿಗೆಯಿಂದ ಒದ್ದೆ ಮಾಡಬೇಕು, ಒಣ ಗಂಟನ್ನು ಬಿಗಿದರೆ ನೂಲು ಸುಟ್ಟ ಹಾಗಾಗುತ್ತದೆ. ಹೀಗೆ ಬೆಳಗ್ಗಿನಿಂದ ಸಂಜೆಯವರೆಗೆ ನನ್ನ ಬಾಯಲ್ಲಿ ನಾಲ್ಕಾರು ಎಳೆ ಇದ್ದೇ ಇರುತ್ತಿದ್ದವು.

ಆಮೇಲೊಂದು ದಿನ ಬಂಗಲೆಯ ಬಟ್ಲರನನ್ನು ಇದಕ್ಕೆ ಏನೆನ್ನುತ್ತಾರೆ ಎಂದು ಕೇಳಿದೆ. ಅವನು ಕೊಯಮುತ್ತೂರು ಕಡೆಯವನು, ಗೊತ್ತಿಲ್ಲ ಎಂಬ ಮಾತನ್ನು ಹುಟ್ಟಿದಾರಭ್ಯ ಆಡಿದವನಲ್ಲ. "ಕೊಡಲ್" ಎಂದ. ತಮಿಳಿನಲ್ಲಿ ಕೊಡಲ್ ಎಂದರೆ ಕರುಳು. ದೊರೆಯ ಭಾಷೆಯಲ್ಲೂ ಆ ನೂಲಿನ ಹೆಸರಿಗೆ ಅದೇ ಅರ್ಥವಂತೆ. ನನ್ನ ನಾಲಿಗೆ ಅಲ್ಲೇ ಮರಗಟ್ಟಿತು. ಯಾವ ಪ್ರಾಣಿಯದು ಎಂದು ಕೇಳಿದೆ. ಅವನು ಒಂದು ಕ್ಷಣವೂ ಅನುಮಾನಿಸದೆ, "ಬೆಕ್ಕು" ಎಂದ.

ಆ ದಿನವೇ ಕೆಲಸ ಬಿಡಬೇಕಾಗಿತ್ತು. ಬಿಡಲಿಲ್ಲ. ಯಾಕೆಂದರೆ ಅಷ್ಟು ಚೆಂದದ ಗಂಟು ಬೇರೆ ಯಾವ ನೂಲಿನಲ್ಲೂ ಕೂರುತ್ತಿರಲಿಲ್ಲ. ನಿಜ ಹೇಳುತ್ತೇನೆ, ಬೆಕ್ಕು ಎಂದು ತಿಳಿದೂ ಬಾಯಲ್ಲಿಟ್ಟುಕೊಂಡೆ. ಮನೆಯಲ್ಲಿ ನಮ್ಮ ಬೆಕ್ಕಿನ ಮುಖ ನೋಡಲು ನಾಚಿಕೆಯಾಗಿ, ಯಾರೂ ಇಲ್ಲದಾಗ ಅದಕ್ಕೆ ಹಾಲು ಹಾಕುತ್ತಿದ್ದೆ. ಅದು ಊದಿಕೊಂಡು ಇಲಿ ಹಿಡಿಯುವುದನ್ನೇ ಬಿಟ್ಟಿತು.

ಇಲ್ಲಿ ನಮ್ಮ ಮದುವೆಯ ವಿಷಯ ಹೇಳಬೇಕು. ಆ ಕಾಲಕ್ಕೆ ನಮ್ಮ ಬಡಗರಲ್ಲಿ ಹೆಣ್ಣು ಗಂಡನ ಮನೆಗೆ ಬಂದು ಒಂದು ಬಿಂದಿಗೆ ನೀರು ತಂದರೆ ಅರ್ಧ ಮದುವೆ ಆದ ಹಾಗೆ. ಉಳಿದರ್ಧ ಆಗುವುದು ಅವಳು ಚೊಚ್ಚಲ ಬಸುರಿಯಾಗಿ ಏಳನೆಯ ತಿಂಗಳಿಗೆ ಬಿದ್ದಾಗ. ಆಗ ಗಂಡನಾದವನು ಹಿರಿಯರ ಎದುರಿಗೆ ಮಾವನ ಅಪ್ಪಣೆ ಕೇಳಿ, ಅವಳ ಕುತ್ತಿಗೆಗೆ ಕಣ್ಣಿ ಹಾಕುತ್ತಾನೆ. ಕಣ್ಣಿ ಎಂದರೆ ಹೊಸದಾಗಿ ಹೊಸೆದ ಹತ್ತಿಯ ದಾರ. ಕರುವಿಗೆ ಹಾಕುವುದೂ ಕಣ್ಣಿ, ಹೆಂಡತಿಗೆ ಹಾಕುವುದೂ ಕಣ್ಣಿ. ಯಾರು ಯಾರನ್ನು ಕಟ್ಟಿಹಾಕಿದರು ಎಂಬುದು ಬೇರೆ ಮಾತು. ಕಣ್ಣಿ ಬೀಳುವವರೆಗೆ ಹೆಣ್ಣಿನ ಕಡೆಯವರು ಬಂದು ಕರೆದುಕೊಂಡು ಹೋದರೆ ಗಂಡ ಪೆಚ್ಚುಮೋರೆ ಹಾಕಿಕೊಂಡು ನಿಲ್ಲಬೇಕು, ಅಷ್ಟೆ.

ನನ್ನ ಹೆಂಡತಿಗೆ ಆಗ ಐದು ತಿಂಗಳು ತುಂಬಿತ್ತು. ಅವಳ ಅಪ್ಪ ಕಟ್ಟಬೆಟ್ಟು ಕಡೆಯ ಹಟ್ಟಿಯವನು, ಮಹಾ ಮಡಿವಂತ. ಮನೆಯೊಳಗಿನ ಹಾಲುಕೋಣೆಗೆ ಸ್ನಾನ ಮಾಡದೆ ಕಾಲಿಡುತ್ತಿರಲಿಲ್ಲ. ಮೀನು, ಮಾಂಸದ ಹೆಸರು ಹೇಳಿದರೆ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದ. ಅವನಿಗೆ ನಾನು ಹೇಳಿದ್ದು, ಊಟಿಯಲ್ಲಿ ದೊರೆಯ ಹತ್ತಿರ ನೂಲಿನ ಕೆಲಸ ಎಂದು. ಸುಳ್ಳೇನೂ ಅಲ್ಲ. ಅವನು ಮಗ್ಗವೋ, ದರ್ಜಿ ಕೆಲಸವೋ ಇರಬೇಕು ಎಂದುಕೊಂಡು ಸುಮ್ಮನಾಗಿದ್ದ.

ಒಂದು ದಿನ ಆತ ಊಟಿ ಸಂತೆಗೆ ಬಂದವನು, ಅಳಿಯನ ಕೆಲಸ ನೋಡೋಣ ಎಂದು ವಿಚಾರಿಸಿಕೊಂಡು ನೇರವಾಗಿ ಕೆರೆಯ ದಂಡೆಗೆ ಬಂದುಬಿಟ್ಟ. ನಾನು ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಬಾಯಲ್ಲಿ ಐದು ಎಳೆ. ಎದುರಿಗೆ ನೀರಿನಲ್ಲಿ ಮುಳ್ಳು ಸಣ್ಣಗೆ ತಲೆ ಆಡಿಸುತ್ತಿತ್ತು, ಕಾರ್ಪು ಯೋಚನೆ ಶುರುಮಾಡಿತ್ತು.

"ಇದಾ ನಿನ್ನ ನೂಲು ಕೆಲಸ?" ಎಂದ ಮಾವ.

"ಮ್ಮ್" ಎಂದೆ ನಾನು.

"ಎನ್ನ ಕೂಸು ಒಳ್ಳೆಂಗೆ ಇದ್ದಾಳಾ?"

"ಮ್ಮ್ ಮ್ಮ್."

"ಏಕ, ಬಾಯಿ ಇಲ್ಲೆಯಾ ನಿನಗ?"

ಅಷ್ಟರಲ್ಲಿ ದೊರೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು ಮಾವನಿಗೆ "ಶ್!" ಎಂದ. ಹಟ್ಟಿಯ ಪಂಚಾಯಿತಿಯಲ್ಲಿ ಎಲ್ಲರ ಬಾಯಿ ಮುಚ್ಚಿಸುವ ಮಾವನಿಗೆ ಜನ್ಮದಲ್ಲಿ ಯಾರೂ ಶ್ ಎಂದಿರಲಿಲ್ಲ. ಅವನ ಮುಖ ದೊರೆಯ ಮೂಗಿನ ಬಣ್ಣಕ್ಕೆ ತಿರುಗಿತು. ಬಗ್ಗಿ ನನ್ನ ಬುಟ್ಟಿ ನೋಡಿದ. ಬುಟ್ಟಿಯಲ್ಲಿ ಬೇಯಿಸಿ ಜೇನು ಹಚ್ಚಿದ ಪುಟ್ಟ ಪುಟ್ಟ ಉರುಳಗಡ್ಡೆ. ಒಂದನ್ನು ಎತ್ತಿ ಹಿಡಿದ.

"ಇದು ಎನ್ನ ಗಡ್ಡೆ ಅಲ್ಲವಾ?"

ಅವನದೇ. ಬಸುರಿ ಮಗಳು ತಿನ್ನಲಿ ಎಂದು ಹೊಲದಲ್ಲಿ ಆರಿಸಿ ಕಳಿಸಿದ ಗಡ್ಡೆ. ಕಾರ್ಪಿಗೆ ಅದರಷ್ಟು ರುಚಿಸುವ ಗಡ್ಡೆ ನೀಲಗಿರಿಯಲ್ಲೇ ಇರಲಿಲ್ಲ. ಅದನ್ನು ಹೊಗಳಿಕೆಯಾಗಿ ಹೇಳಿ ಅವನನ್ನು ಸಮಾಧಾನ ಮಾಡೋಣ ಎಂದು ಬಾಯಿ ತೆರೆದೆ. ತೆರೆಯಬೇಕಾದರೆ ಎಳೆ ಹೊರಗೆ ತೆಗೆಯಬೇಕಲ್ಲ. ಎಳೆದೆ. ಜೊಲ್ಲು ಸುರಿಯುತ್ತ ಒಂದು ಮೊಳ ಉದ್ದದ್ದು ಬಂತು. ಅದರ ಹಿಂದೆ ಇನ್ನೊಂದು ಬಂತು. ಮಾವ ಒಂದು ಹೆಜ್ಜೆ ಹಿಂದೆ ಸರಿದ.

"ಏನ ಅದು?"

"ಕರುಳು, ಮಾಮ."

"ಯಾವುದರದು?"

ಆಗ ಗೊತ್ತಿಲ್ಲ ಎಂದಿದ್ದರೆ ಆಗುತ್ತಿತ್ತು. ಆದರೆ ಮಿಷನ್ ಶಾಲೆಯಲ್ಲಿ ಕನ್ನಡದ ಜೊತೆಗೆ ನಿಜ ಹೇಳುವುದನ್ನೂ ಬೆತ್ತದಿಂದ ಕಲಿಸಿದ್ದರು. "ಬೆಕ್ಕಿಂದು" ಎಂದೆ.

ಮಾವ ಏನೋ ಹೇಳಲು ಬಾಯಿ ತೆರೆದ. ಸರಿಯಾಗಿ ಅದೇ ಹೊತ್ತಿಗೆ ಕಾರ್ಪಿನ ಯೋಚನೆ ಮುಗಿಯಿತು. ಮುಳ್ಳು ಗುಳುಂ ಎಂದು ಮುಳುಗಿತು, ದೊರೆ ಬೊಬ್ಬೆ ಹಾಕಿದ, ನಾನು ಬಲೆ ಹಿಡಿದು ಸೊಂಟದ ಮಟ್ಟ ನೀರಿಗೆ ಹಾರಿದೆ. ಕೂಸಿನಷ್ಟು ತೂಕದ ಮೀನು. ಅದನ್ನು ಎದೆಗವಚಿಕೊಂಡು, ಗಂಟು ನೋಡಿ ಮಾಮ, ಒಂದೆಳೆಯೂ ಜಾರಿಲ್ಲ ಎಂದು ಹೇಳುತ್ತ ಮೇಲೆ ಬಂದರೆ ದಂಡೆಯಲ್ಲಿ ಮಾವ ಇರಲಿಲ್ಲ. ಗಡ್ಡೆಯ ಬುಟ್ಟಿಯೂ ಇರಲಿಲ್ಲ.

ನಾನು ಮನೆ ಮುಟ್ಟುವ ಹೊತ್ತಿಗೆ ಅವನು ನಮ್ಮ ಹಟ್ಟಿಗೆ ಬಂದು, ಜಗಲಿ ಹತ್ತದೆ ಅಂಗಳದಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೋಗಿದ್ದ. "ಬೆಕ್ಕಿನ ಕರುಳು ಅಗಿಯುವವನ ಕೈಯ ಕಣ್ಣಿ ಎನ್ನ ಕೂಸುಗ ಬೇಡ. ಏಳನೆ ತಿಂಗಳಿಗ ಮುಂಚೆ ಬಂದು ಕರೆದುಕೊಂಡು ಹೋನೆ." ನನ್ನ ಅವ್ವ ನಾನು ಮುಟ್ಟಿದ ಪಾತ್ರೆಗಳನ್ನೆಲ್ಲ ಬೂದಿ ಹಾಕಿ ತಿಕ್ಕುತ್ತಿದ್ದಳು. ಅಕ್ಕಪಕ್ಕದವರು ತಮ್ಮ ತಮ್ಮ ಬೆಕ್ಕುಗಳನ್ನು ಒಳಗೆ ಕರೆದುಕೊಂಡರು.

ಹೆಂಡತಿ ಅಳುತ್ತಿರಲಿಲ್ಲ. ಅಳುವುದು ಅವಳ ಜಾಯಮಾನವಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನೂಲು ಅಂದು ಹೇಳುವದಕ್ಕ ಏನ ಆಗಿತ್ತು ನಿನಗ?"

"ಸುಳ್ಳು ಹೇಳಲಾ?"

"ಬೆಕ್ಕಿನ ಕರುಳು ಹಿಡಿಸುವ ಬಾಯೊಳಗ ಒಂದು ಸುಳ್ಳು ಹಿಡಿಸದಾ?"

ಅವಳಿಗೆ ಹೋಗಲು ಮನಸ್ಸಿರಲಿಲ್ಲ, ನನಗಂತೂ ಅವಳಿಲ್ಲದ ಮನೆ ಬೇಕಾಗಿರಲಿಲ್ಲ. ಅವಳ ಮೇಲೆ ನನಗೆ ಎಷ್ಟು ಪ್ರೀತಿ ಇತ್ತು ಎಂದು ನನಗೇ ಗೊತ್ತಾದದ್ದು ಆ ದಿನ. ಅವಳೇ ಕೊನೆಗೆ, "ನಾಳೆ ಹೋಗಿ ದೊರೆಯನ್ನೇ ಕೇಳು. ಬೆಕ್ಕೇ ಆದರೆ ಕೆಲಸ ಬುಡು. ಬೇರೆ ಏನಾದರು ಆದರೆ ಬಂದು ಹೇಳು" ಎಂದಳು.

ದೊರೆಯನ್ನು ಕೇಳುವುದು ಎಂದರೇನು? ನನಗೆ ಇಂಗ್ಲಿಷು ಬಾರದು, ಅವನಿಗೆ ಕುದುರೆಗೆ ಹೇಳುವಷ್ಟು ತಮಿಳು. ಬಟ್ಲರನನ್ನು ನಂಬಿ ಒಮ್ಮೆ ಕೆಟ್ಟಿದ್ದೆ. ಬಂಗಲೆಯ ಹುಲ್ಲುಹಾಸಿನ ಮೇಲೆ ನಿಂತು, ಒಂದೆಳೆ ಎತ್ತಿ ತೋರಿಸಿ, "ಮಿಯಾಂವ್?" ಎಂದೆ. ದೊರೆ ಸುತ್ತಮುತ್ತ ಬೆಕ್ಕು ಹುಡುಕಿದ. ನಾನು ಇನ್ನೂ ಗಟ್ಟಿಯಾಗಿ "ಮಿಯಾಂವ್?" ಎಂದು ಹೊಟ್ಟೆಯಿಂದ ನೂಲು ಎಳೆಯುವ ಹಾಗೆ ಮಾಡಿದೆ. ಅವನು ನನಗೆ ಹೊಟ್ಟೆನೋವು ಎಂದುಕೊಂಡು ಒಂದು ಚಮಚ ಬ್ರಾಂದಿ ತರಿಸಿದ. ಆಡಿನ ಹಾಗೆ ಅರಚಿದೆ, ಎಮ್ಮೆಯ ಹಾಗೆ ಕೂಗಿದೆ. ತೋಟದಾಳುಗಳು ಕೆಲಸ ಬಿಟ್ಟು ಬಂದು ಸಾಲಾಗಿ ನಿಂತರು. ಕೊನೆಗೆ ದೊರೆಗೆ ಏನೋ ಹೊಳೆಯಿತು. ಬಾಯಲ್ಲಿದ್ದ ಪೈಪು ಬೀಳುವ ಹಾಗೆ ನಕ್ಕ. ನಕ್ಕು, ಕಣ್ಣೊರೆಸಿಕೊಂಡು, ಅಷ್ಟು ದೊಡ್ಡ ಮನುಷ್ಯ ಹುಲ್ಲಿನ ಮೇಲೆ ಬೋರಲು ಮಲಗಿ, ಬೆನ್ನು ಎತ್ತುತ್ತ ಇಳಿಸುತ್ತ ತೆವಳಿದ. ತೆವಳುತ್ತ ಹೋಗಿ ಒಂದು ಗಿಡದ ಎಲೆ ಕಚ್ಚಿದ. ಆಮೇಲೆ ಎದ್ದು ಕಾಗದದ ಮೇಲೆ ಒಂದು ಹುಳು, ಅದರ ಹೊಟ್ಟೆಯಿಂದ ಎಳೆದ ಒಂದು ನೂಲು, ಒಂದು ಗೂಡು, ಸೀರೆಯುಟ್ಟ ಒಬ್ಬ ಹೆಂಗಸಿನ ಚಿತ್ರ ಬರೆದ.

ರೇಷ್ಮೆಹುಳು! ಹುಳುವಿನ ಹೊಟ್ಟೆಯೊಳಗೆ ಇನ್ನೂ ಎಳೆಯಾಗದೆ ಇರುವ ರೇಷ್ಮೆಯನ್ನೇ ಎಳೆದು ಮಾಡಿದ ನೂಲು. ಬಟ್ಲರ ಪಕ್ಕದಲ್ಲೇ ನಿಂತಿದ್ದವನು, ತಾನೂ ಅದನ್ನೇ ಹೇಳಿದ್ದು ಎಂದ. ಅವನ ಅಂಗಿಯ ಗುಂಡಿಗಳು ಸಡಿಲವಾಗಿದ್ದವು. ನಾನು ಅವತ್ತು ಅವನ್ನು ಸರಿಮಾಡದೆಯೇ ಬಂದೆ, ಅಷ್ಟು ಸಿಟ್ಟು.

ಅಲ್ಲಿಂದ ಕಟ್ಟಬೆಟ್ಟಿಗೆ ಓಡುನಡಿಗೆಯಲ್ಲಿ ಹೋದೆ. ಮಾವ ಜಗಲಿಯ ಮೇಲೆ ಕೂತಿದ್ದ. ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ಎಳೆಯನ್ನು ಕಡ್ಡಿಯ ತುದಿಯಲ್ಲಿ ಈಸಿಕೊಂಡ. ಬೆಳಕಿಗೆ ಹಿಡಿದ. ತುದಿಯನ್ನು ಕೆಂಡಕ್ಕೆ ಮುಟ್ಟಿಸಿ ಮೂಸಿದ. ಒಳಗಿನಿಂದ ತನ್ನ ಹಳೆಯ ರೇಷ್ಮೆ ರುಮಾಲು ತರಿಸಿ, ಅದರ ಒಂದೆಳೆ ಸುಟ್ಟು ಅದನ್ನೂ ಮೂಸಿದ. ಎರಡೂ ಒಂದೇ ವಾಸನೆ. ರೇಷ್ಮೆ ಎಂದಷ್ಟೇ ಹೇಳಿದೆ, ಹುಳುವಿನ ಹೊಟ್ಟೆಯ ವಿಷಯ ನಾನು ಎತ್ತಲಿಲ್ಲ. ಹೆಂಡತಿ ಹೇಳಿದ್ದಳಲ್ಲ, ಒಂದು ಸುಳ್ಳು ಹಿಡಿಸುತ್ತದೆ ಎಂದು. ನಾನು ಅರ್ಧ ಹಿಡಿಸಿಕೊಂಡೆ.

"ಪಟ್ಟೆ" ಎಂದ ಮಾವ. ಪಟ್ಟೆ ಎಂದರೆ ರೇಷ್ಮೆ, ದೇವರಿಗೂ ಆಗುವಂಥದು, ಅದಕ್ಕೆ ಮೈಲಿಗೆ ಹೇಳುವ ಹಾಗಿಲ್ಲ. ಅವನಿಗೆ ಸೋತ ಹಾಗಾಯಿತು. "ಆತು. ಆದರೆ ಕಣ್ಣಿ ಹಾಕುವ ದಿನ ನಿನ್ನ ಬಾಯೊಳಗ ಏನೂ ಇರಲಾಗದು. ಎಂಜಲು ಕೈ ಕಂಡರೆ ಆಗಲೇ ಎಬ್ಬಿಸಿಕೊಂಡು ಹೋನೆ." ನಾನು ನಮ್ಮ ಕುಲದೇವತೆ ಹೆತ್ತೆಯ ಮೇಲೆ ಆಣೆಯಿಟ್ಟು ಬಂದೆ.

ಏಳನೆಯ ತಿಂಗಳಲ್ಲಿ ಒಳ್ಳೆಯ ದಿನ ನೋಡಿದರು. ಬೆಳಗ್ಗಿನಿಂದ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ನನ್ನ ವಸಡು ಉರಿಯುತ್ತಿತ್ತು. ಎಲೆ ಅಡಿಕೆಯನ್ನೂ ಮುಟ್ಟಲಿಲ್ಲ. ನಮ್ಮ ಮನೆಯ ನಡುವೆ ಕಂಬಳಿ ಹಾಸಿ ಅವಳನ್ನು ಕೂರಿಸಿದರು. ಸುತ್ತಲೂ ಎರಡೂ ಹಟ್ಟಿಯ ಹಿರಿಯರು, ಬಿಳಿ ಬಟ್ಟೆ ಹೊದ್ದು, ಕೆಮ್ಮದೆ ಕೂತಿದ್ದರು. ಅವಳ ದೊಡ್ಡಪ್ಪ ಹೊಸೆದ ದಾರಕ್ಕೆ ಒಂದು ಬೆಳ್ಳಿ ತುಣುಕು ಪೋಣಿಸಿ, ತುದಿಗಳನ್ನು ಸೇರಿಸಿ ಗಂಟು ಹಾಕಿ ನನ್ನ ಕೈಗೆ ಕೊಟ್ಟ. ಅದನ್ನು ಅವಳ ತಲೆಯ ಮೇಲಿನಿಂದ ಇಳಿಬಿಡಬೇಕು. ಕಿವಿಗಾಗಲಿ ತುರುಬಿಗಾಗಲಿ ತಾಗದೆ ತಾನಾಗಿ ಕುತ್ತಿಗೆಗೆ ಬಿದ್ದರೆ ಗಂಡ ಜಾಣ, ತಾಗಿದರೆ ಹೆಂಗಸರ ಬಾಯಿಗೆ ಅವನು ತುತ್ತು.

"ನಿಮ್ಮ ಕೂಸುಗ ಕಣ್ಣಿ ಹಾಕಲೆ, ಮಾಮ?" ಎಂದು ಕೇಳಿದೆ.

ಮಾವ ಗೋಡೆಯ ಕಡೆ ನೋಡುತ್ತ, "ಹಾಕು" ಎಂದ.

ದಾರ ಎತ್ತಿದೆ. ಎತ್ತಿದಾಗ ಗಂಟು ನನ್ನ ಕಣ್ಣ ಮುಂದೆ ಬಂತು. ದೊಡ್ಡಪ್ಪನಿಗೆ ವಯಸ್ಸಾಗಿತ್ತು, ಕೈ ನಡುಗುತ್ತಿತ್ತು, ಅದೆಲ್ಲ ನಿಜ. ಆದರೂ ಅದೂ ಒಂದು ಗಂಟೇ? ಎಮ್ಮೆ ಸೀನಿದರೆ ಬಿಚ್ಚಿಕೊಳ್ಳುವ ಗಂಟು. ಒಂದು ಮೀನಿಗೆ ನಾನು ಅರ್ಧ ದಿನ ಕೂತು ಸುತ್ತುತ್ತೇನೆ, ಇವಳು ಸಾಯುವವರೆಗೆ ನನ್ನವಳಾಗಿರಬೇಕು, ಇವಳಿಗೆ ಈ ಗಂಟೇ? ಅಷ್ಟು ಯೋಚಿಸಿದ್ದು ನೆನಪಿದೆ. ಆಮೇಲಿನದೆಲ್ಲ ಕೈ ಮಾಡಿದ ಕೆಲಸ. ಬಿಚ್ಚಿತು, ಐದು ಸುತ್ತು ಸುತ್ತಿತು, ತುದಿಯನ್ನು ಒಳಗಿನಿಂದ ತೂರಿಸಿತು, ಬಾಯಿಗೆ ತಂದಿತು. ನಾಲಿಗೆಯಿಂದ ಚೆನ್ನಾಗಿ ಒದ್ದೆ ಮಾಡಿದೆ, ಬಿಗಿದೆ, ಉಳಿದ ತುದಿಯನ್ನು ಹಲ್ಲಿನಿಂದ ಕಚ್ಚಿ ತು ಎಂದು ಪಕ್ಕಕ್ಕೆ ಉಗಿದೆ.

ಆ ತುಣುಕು ದೊಡ್ಡಪ್ಪನ ಮಂಡಿಯ ಮೇಲೆ ಬಿತ್ತು.

ಮೂಲೆಯಿಂದ ಒಬ್ಬ ಮುದುಕಿ, "ಅಯ್ಯೋ, ಎಂಜಲು ಮಾಡಿಬುಟ್ಟ!" ಎಂದಳು. ಆಗ ನನಗೆ ನಾನು ಎಲ್ಲಿದ್ದೇನೆ ಎಂಬುದು ತಿಳಿಯಿತು. ಕೈಯಲ್ಲಿ ಒದ್ದೆ ದಾರ ಹಿಡಿದು ನಿಂತೆ. ಕೆಲಸ ಹೋಗಲಿ, ಮರ್ಯಾದೆ ಹೋಗಲಿ, ಇವಳು ಹೋಗುತ್ತಾಳಲ್ಲ ಎಂದು ಮಾವನ ಕಡೆ ತಿರುಗಿದೆ. ಮಾವ ಎದ್ದು ನಿಂತಿದ್ದ.

"ಏಳು ಕೂಸೆ. ಈ ಎಂಜಲು ನಿನಗ ಬೇಡ. ಮನೆಗ ಹೋಗುವ."

ಅವಳು ಏಳಲಿಲ್ಲ. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ತಲೆಯೆತ್ತಿ ಅಪ್ಪನನ್ನು ನೋಡಿದಳು.

"ಏಳು ತಿಂಗಳು ಆತು, ಅಪ್ಪ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಇವನ ಎಂಜಲು ಎನಗ ಇವತ್ತು ಹೊಸದಾ?"

ಮೊದಲು ನಕ್ಕದ್ದು ಮೂಲೆಯ ಆ ಮುದುಕಿ. ಅವಳ ಹಿಂದೆ ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡರು, ಅದೂ ತಡೆಯಲಿಲ್ಲ. ಆಮೇಲೆ ಹಿರಿಯರ ಬಿಳಿ ಬಟ್ಟೆಗಳು ಒಂದೊಂದಾಗಿ ಅಲುಗಿದವು. ದೊಡ್ಡಪ್ಪ ನಗುತ್ತ ನಗುತ್ತ ಪಕ್ಕದವನ ಮೇಲೆ ಒರಗಿದ. ಮಾವ ಒಬ್ಬನೇ ನಗಲಿಲ್ಲ. ನಿಂತಲ್ಲೇ ಕುಸಿದು ಕೂತು, ಹೊದ್ದ ಬಟ್ಟೆಯನ್ನು ತಲೆಯ ಮೇಲಿಂದ ಎಳೆದು ಮುಖ ಪೂರ್ತಿ ಮುಚ್ಚಿಕೊಂಡ. ಒಳಗಿನಿಂದ ಅವನ ದನಿ ಬಂತು.

"ಹಾಕು. ಬೇಗ ಹಾಕು. ಈ ಕೂಸು ಇನ್ನೂ ಏನ ಹೇಳುತೊ!"

ನಾನು ದಾರವನ್ನು ಇಳಿಬಿಟ್ಟೆ. ಕಣ್ಣು ತುಂಬಿ ನನಗೆ ಏನೂ ಕಾಣುತ್ತಿರಲಿಲ್ಲ. ದಾರ ಒಂದು ಕಿವಿಗೆ ಸಿಕ್ಕಿ, ತುರುಬಿಗೆ ಸುತ್ತಿಕೊಂಡು ಅಲ್ಲೇ ನಿಂತಿತಂತೆ. ಅವಳೇ ಕೈಯೆತ್ತಿ ಬಿಡಿಸಿ, ಅದನ್ನು ಕುತ್ತಿಗೆಗೆ ಇಳಿಸಿಕೊಂಡಳು.